ನಮ್ಮನ್ನು ಮನೆ ಮುಟ್ಟಿಸಿದ ಅಕ್ಕನಿಗೆ

ನಾವಿಬ್ಬರೂ ಕೆನಡಾದ ಕ್ಯಾಲ್ಗರಿಯ ಮನೆ ಸೇರಿದ್ದೇವೆ. ಇವರು ಚೇತರಿಸಿಕೊಳ್ಳುತ್ತಿದ್ದಾರೆ. ಬೆಳಗ್ಗೆ ತಾವೇ ಎದ್ದು ಕಾಫಿ ಸೋಸುತ್ತಾರೆ, ಸಂಜೆ ಬೀದಿಯ ತುದಿಯವರೆಗೆ ನಡೆದು ಬರುತ್ತಾರೆ. ಫೋನ್ ಮಾಡಿದವರಿಗೆ, ಸಂದೇಶ ಕಳಿಸಿದವರಿಗೆ ಒಬ್ಬೊಬ್ಬರಾಗಿ ಉತ್ತರಿಸುವ ತ್ರಾಣ ಆಗ ನನ್ನಲ್ಲಿರಲಿಲ್ಲ. ಈಗ ಸಾವಧಾನವಾಗಿ ಕುಳಿತು ಬರೆಯುತ್ತಿದ್ದೇನೆ. ಇವರಿಗೆ ಏನಾಯಿತು, ವೈದ್ಯರು ಏನು ಮಾಡಿದರು ಎಂಬುದು ನಿಮಗೆಲ್ಲ ತಿಳಿದೇ ಇದೆ. ಅದನ್ನು ಮತ್ತೆ ಕೆದಕುವುದಿಲ್ಲ. ನಾನು ಹೇಳಬೇಕಾಗಿರುವುದು ನಮ್ಮನ್ನು ಮನೆ ಮುಟ್ಟಿಸಿದವರ ಬಗ್ಗೆ.

ಊರಿನ ಬಂಧುಗಳಲ್ಲಿ ಹಲವರಿಗೆ ನಮ್ಮ ಚಳಿಗಾಲದ ಈ ವಲಸೆಯ ವಿಷಯ ಅಷ್ಟಾಗಿ ಗೊತ್ತಿಲ್ಲ. ನಿವೃತ್ತರಾದ ಮೇಲೆ ಒಂದು ಮೋಟಾರ್‌ಹೋಮ್ ಕೊಂಡೆವು. ಒಳಗೆ ಮಂಚ, ಒಲೆ, ಬಚ್ಚಲು, ದೇವರಿಗೊಂದು ಗೂಡು ಎಲ್ಲವೂ ಇರುವ ಗಾಡಿ. ಕ್ಯಾಲ್ಗರಿಯಲ್ಲಿ ಹಿಮ ಕೂತಾಗ ಅರಿಜೋನಾದ ಯೂಮಾಕ್ಕೆ ಹೋಗುತ್ತೇವೆ. ಕೊಲರಾಡೊ ನದಿಯ ದಡದ ಊರು. ಒಂದು ಕಡೆ ಕ್ಯಾಲಿಫೋರ್ನಿಯಾ, ಇನ್ನೊಂದು ಕಡೆ ಮೆಕ್ಸಿಕೊ. ಸುತ್ತ ಮರುಭೂಮಿ, ನಡುವೆ ನದಿ ನೀರಿನಲ್ಲಿ ಬೆಳೆದ ಲೆಟ್ಯೂಸ್ ಸೊಪ್ಪಿನ ಹೊಲಗಳು, ನಿಂಬೆ ಮತ್ತು ಖರ್ಜೂರದ ತೋಟಗಳು. ಚಳಿಗಾಲದಲ್ಲಿ ಅಮೆರಿಕ ತಿನ್ನುವ ಹಸಿರು ಸೊಪ್ಪಿನ ಬಹುಪಾಲು ಅಲ್ಲಿಂದಲೇ ಬರುತ್ತದೆ. ಅಲ್ಲಿನ ಬಿಸಿಲಿನಲ್ಲಿ ನನ್ನ ನಿಂಬೆಕಾಯಿ ಉಪ್ಪಿನಕಾಯಿ ಹಾಸನದಲ್ಲಿ ಮಾಗಿದ ಹಾಗೆಯೇ ಮಾಗುತ್ತದೆ. ಆದರೆ ಬೇಕೆಂದಷ್ಟು ದಿನ ಇರುವಂತಿಲ್ಲ. ವರ್ಷದಲ್ಲಿ ಇಂತಿಷ್ಟು ದಿನ ನಮ್ಮ ಪ್ರಾಂತ್ಯವಾದ ಆಲ್ಬರ್ಟಾದಲ್ಲಿ ಇದ್ದರೆ ಮಾತ್ರ ಪ್ರಾಂತ್ಯದ ಆರೋಗ್ಯ ರಕ್ಷಣೆ ಉಳಿಯುತ್ತದೆ. ಹೀಗಾಗಿ ಏಪ್ರಿಲ್ ಬಂದಿತೆಂದರೆ ನಮ್ಮಂಥ ಮುದುಕ-ಮುದುಕಿಯರ ಗಾಡಿಗಳು ಸಾಲಾಗಿ ಉತ್ತರಕ್ಕೆ ಹೊರಡುತ್ತವೆ. ನಾವು ಯುಗಾದಿಯ ಬೇವು-ಬೆಲ್ಲ ಮುಗಿಸಿ ಹೊರಟೆವು. ಎರಡೂವರೆ ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ.

ಯೂಮಾದಲ್ಲಿ ನಮ್ಮ ಪಕ್ಕದಲ್ಲಿ ಗಾಡಿ ನಿಲ್ಲಿಸುವವರು ಸಸ್ಕಾಚೆವಾನ್ ಪ್ರಾಂತ್ಯದ ಸ್ವಿಫ್ಟ್ ಕರೆಂಟ್ ಕಡೆಯ ರೈತ ದಂಪತಿ. ಆಕೆಯ ಹೆಸರನ್ನು ಇಲ್ಲಿ ದೊಡ್ಡದಾಗಿ ಬರೆಯಬೇಕೆಂದು ನನಗೆ ಆಸೆಯಿತ್ತು. ಬೇಡವೆಂದು ಅವರೇ ಹೇಳಿದ್ದಾರೆ. ನನಗಿಂತ ನಾಲ್ಕಾರು ವರ್ಷ ದೊಡ್ಡವರು. ನಾನು ಅಕ್ಕ ಎಂದೇ ಕರೆಯುತ್ತೇನೆ, ಅವರ ಯಜಮಾನರನ್ನು ಭಾವ ಎನ್ನುತ್ತೇನೆ. ಮೊದಲ ಚಳಿಗಾಲದಲ್ಲಿ ನಾನು ಗಾಡಿಯ ಹೊರಗೆ ಕುಳಿತು ಮಸೂರ್ ಬೇಳೆ ಆರಿಸುತ್ತಿದ್ದಾಗ ಅಕ್ಕ ಬಂದು ಒಂದು ಹಿಡಿ ಎತ್ತಿಕೊಂಡು, ಬೆರಳುಗಳ ನಡುವೆ ಉಜ್ಜಿ ನೋಡಿದರು. ಕೆನಡಾದ ಮಸೂರದಲ್ಲಿ ಬಹುಪಾಲು ಬೆಳೆಯುವುದು ಅವರ ಪ್ರಾಂತ್ಯದಲ್ಲಿಯೇ. ಅದು ಭಾರತದ ಅಡುಗೆಮನೆಗಳಿಗೂ ಹೋಗುತ್ತದೆ. ಅವರ ಹೊಲದಲ್ಲಿ ಗೋಧಿಯೂ ಉಂಟು, ಮಸೂರವೂ ಉಂಟು. ಜೀವಮಾನವೆಲ್ಲ ಬೆಳೆದ ಕಾಳನ್ನು ಸಾರಿನ ರೂಪದಲ್ಲಿ ಅವರು ಕುಡಿದದ್ದು ಅಂದೇ ಮೊದಲು. ಮೂರು ಬಟ್ಟಲು ಕುಡಿದರು. ನಮ್ಮ ಸ್ನೇಹ ಅಲ್ಲಿಂದ ಶುರು. ಹೊಲದ ಕೆಲಸದ ಜೊತೆಗೆ ಅಕ್ಕ ಹಳ್ಳಿಯ ಶಾಲಾ ಬಸ್ಸನ್ನೂ ಓಡಿಸುತ್ತಿದ್ದವರು. ಮೈನಸ್ ಮೂವತ್ತು ಡಿಗ್ರಿಯ ಕತ್ತಲ ಬೆಳಗಿನಲ್ಲಿ ಬೇರೆಯವರ ಮಕ್ಕಳನ್ನು ಜೋಪಾನವಾಗಿ ಶಾಲೆಗೆ ಮುಟ್ಟಿಸಿದ ಕೈ ಅದು.

ಈ ಸಲ ಎರಡೂ ಗಾಡಿಗಳು ಒಟ್ಟಿಗೇ ಹೊರಟವು. ಲಾಸ್ ವೇಗಸ್ ಬಳಿ ಹದಿನೈದನೇ ಅಂತರರಾಜ್ಯ ಹೆದ್ದಾರಿ ಹಿಡಿದರೆ ಕೆನಡಾದ ಗಡಿಯವರೆಗೂ ಅದೇ ರಸ್ತೆ. ಯೂಟಾ ಸುಖವಾಗಿ ಕಳೆಯಿತು. ಐಡಾಹೊದಿಂದ ಮೊಂಟಾನಾಕ್ಕೆ ದಾಟುವಲ್ಲಿ ಮೊನೈಡಾ ಎಂಬ ಕಣಿವೆ ದಾರಿಯಿದೆ, ಎತ್ತರ ಸುಮಾರು 6,800 ಅಡಿ. ಬಯಲಿನಲ್ಲಿ ಹೂ ಬಿಡುವ ಏಪ್ರಿಲ್‌ನಲ್ಲಿಯೂ ಅಲ್ಲಿ ಹಿಮ ಬೀಳುತ್ತದೆ. ದಾಟಿ ಇಳಿಯುವಷ್ಟರಲ್ಲಿ ಗಾಳಿ ಎದ್ದಿತು, ರಸ್ತೆಯ ಬಿಳಿಗೆರೆ ಕಾಣದಾಯಿತು. ಮುಂದೆ ಹೋಗುವುದು ಬೇಡವೆಂದು ಲೈಮಾ ಎಂಬ ಪುಟ್ಟ ಊರಿನಲ್ಲಿ ಗಾಡಿಗಳನ್ನು ನಿಲ್ಲಿಸಿದೆವು. ಊಟ ಮುಗಿಸಿ ಮಲಗಿದ ಮೇಲೆ ಇವರಿಗೆ ಹಾಗಾಯಿತು.

ನಾನು ಅಕ್ಕನ ಗಾಡಿಯ ಬಾಗಿಲು ಬಡಿದೆ. ಬಾಗಿಲು ತೆರೆದಾಗ ಅವರು ಆಗಲೇ ಒಂದು ಕಾಲಿಗೆ ಬೂಟು ಹಾಕಿಕೊಂಡಿದ್ದರು. ನನ್ನ ಬಡಿತದಲ್ಲಿಯೇ ತಿಳಿಯಿತಂತೆ. ಆಂಬುಲೆನ್ಸ್ ಬಂತು. ಡಿಲನ್‌ನ ಆಸ್ಪತ್ರೆ ಅಲ್ಲಿಂದ 70 ಕಿಲೋಮೀಟರಿಗೂ ಹೆಚ್ಚು ದೂರ. ನನಗೆ ಆಂಬುಲೆನ್ಸಿನಲ್ಲಿ ಚಾಲಕರ ಪಕ್ಕ ಜಾಗ ಕೊಟ್ಟರು. ಅಕ್ಕ ತಾವೂ ಬರುವುದಾಗಿ ಹೇಳಿ, ತಮ್ಮ ಗಾಡಿಯ ಹಿಂದೆ ಕಟ್ಟಿಕೊಂಡು ಬಂದಿದ್ದ ಸಣ್ಣ ಕಾರನ್ನು ಬಿಚ್ಚಲು ಹೋದರು. ಕೊಂಡಿಯ ಕಬ್ಬಿಣದ ಪಿನ್ನು ಮಂಜುಗಟ್ಟಿ ಕಚ್ಚಿಕೊಂಡಿತ್ತು. ಸುತ್ತಿಗೆಯಿಂದ ಎರಡು ಏಟು ಹಾಕಿದರು, ಕದಲಲಿಲ್ಲ. ಇವರಿಗೆಂದು ಕಾಯಿಸಿದ ಶುಂಠಿ ಕಷಾಯದ ಫ್ಲಾಸ್ಕ್ ನನ್ನ ಕೈಯಲ್ಲಿಯೇ ಇತ್ತು. ಯಾಕೆ ಹಿಡಿದುಕೊಂಡು ನಿಂತಿದ್ದೆನೋ ಗೊತ್ತಿಲ್ಲ. ಅದನ್ನು ಮೆಲ್ಲಗೆ ನನ್ನ ಕೈಯಿಂದ ಬಿಡಿಸಿಕೊಂಡು ಆ ಪಿನ್ನಿನ ಮೇಲೆ ಸುರಿದರು. ಹಿಮದ ಮೇಲೆ ಶುಂಠಿಯ ಘಾಟು ಎದ್ದಿತು, ಪಿನ್ನು ಬಿಟ್ಟಿತು. ಹಿಮ ಸರಿಸುವ ದೊಡ್ಡ ವಾಹನ ಮುಂದೆ, ಅದರ ಹಿಂದೆ ನಾವು. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಆ ಕಾರಿನ ಎರಡು ದೀಪಗಳು ಕಾಣುತ್ತಿದ್ದವು. ನಾನು ಮುಂದಿನ ರಸ್ತೆಯನ್ನು ನೋಡಲಿಲ್ಲ. ಆ ದೀಪಗಳನ್ನೇ ನೋಡಿದೆ.

ಆಸ್ಪತ್ರೆಯ ಪಡಸಾಲೆಯಲ್ಲಿ ಅವರು ನನ್ನ ಪಕ್ಕದ ಕುರ್ಚಿಯ ಮೇಲೆ ಒಂದು ಚೀಲ ಇಟ್ಟರು. ಇವರ ಮಾತ್ರೆಗಳ ಡಬ್ಬಿ, ಇಬ್ಬರ ಪಾಸ್‌ಪೋರ್ಟ್, ಪ್ರಯಾಣ ವಿಮೆಯ ಕಾಗದ, ನನ್ನ ಶಾಲು, ಇವರ ಕನ್ನಡಕ. ಅಷ್ಟು ಗಡಿಬಿಡಿಯಲ್ಲಿ ಕನ್ನಡಕವನ್ನು ಒಂದು ಕಾಲುಚೀಲದೊಳಗೆ ತೂರಿಸಿ, ಒಡೆಯದಂತೆ ತಂದಿದ್ದರು. ಇವರಿಗೆ ಎಚ್ಚರ ಬಂದಾಗ ಮೊದಲು ಕೇಳಿದ್ದು ಅದನ್ನೇ.

ವಿಮೆಯವರಿಗೆ ಕೂಡಲೇ ತಿಳಿಸಬೇಕೆಂಬ ನಿಯಮವಿದೆ, ಇಲ್ಲವಾದರೆ ಹಣ ಕೊಡುವಾಗ ತಕರಾರು ಬರುತ್ತದೆ. ದೇಶದ ಹೊರಗೆ ಆಸ್ಪತ್ರೆಗೆ ಸೇರಿದರೆ ನಮ್ಮ ಪ್ರಾಂತ್ಯ ಕೊಡುವುದು ದಿನಕ್ಕೆ 100 ಡಾಲರ್. ಅಮೆರಿಕದ ಆಸ್ಪತ್ರೆಯ ಬಿಲ್ಲಿನ ಮುಂದೆ ಅದು ಏನೇನೂ ಅಲ್ಲ. ಆ ಫೋನನ್ನು ಕಿವಿಗೆ ಒತ್ತಿಕೊಂಡು, ಅಲ್ಲಿಂದ ಬರುವ ಸಂಗೀತವನ್ನು ಕೇಳುತ್ತ ಕಾದವರು ಅಕ್ಕ. ಅಂಕಿಗಳನ್ನು ಓದಿ ಹೇಳಿದವರು, ಅರ್ಜಿಯ ಸಂಖ್ಯೆಯನ್ನು ತಮ್ಮ ಅಂಗೈ ಮೇಲೆ ಬರೆದುಕೊಂಡವರು ಅಕ್ಕ. ನಾನು ಸಹಿ ಮಾತ್ರ ಹಾಕಿದೆ. ನಮ್ಮ ಹಾಗೆ ಚಳಿಗಾಲದಲ್ಲಿ ದಕ್ಷಿಣಕ್ಕೆ ಹೋಗುವ ಗೆಳೆಯರೇ, ಆ ದೂರವಾಣಿ ಸಂಖ್ಯೆಯನ್ನು ದಯವಿಟ್ಟು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳಿ.

ಮೂರು ಗಂಟೆಯ ಹೊತ್ತಿಗೆ ಒಳಗಿನಿಂದ ಯಾರೂ ಹೊರಗೆ ಬರುತ್ತಿರಲಿಲ್ಲ. ಆ ಒಂದು ಗಂಟೆಯ ಬಗ್ಗೆ ಬರೆಯದೆ ಇರಲಾರೆ. ನನಗೆ ಇವರ ಮೇಲೆ ಸಿಟ್ಟು ಬಂದಿತ್ತು. ಹಿಮದ ಮೇಲೆ, ಆ ಬೆಟ್ಟದ ಮೇಲೆ, ನಮಗೆ ಈ ವಯಸ್ಸನ್ನು ಕೊಟ್ಟ ದೇವರ ಮೇಲೆ ಸಿಟ್ಟು. ನನ್ನ ಜನ ಯಾರೂ ಇಲ್ಲದ, ಹೆಸರೂ ಸರಿಯಾಗಿ ಗೊತ್ತಿಲ್ಲದ ಊರಿನಲ್ಲಿ ಇವರನ್ನು ಕಳೆದುಕೊಳ್ಳುವುದೆಂದರೆ ಏನು? ಬಾಯಿಗೆ ಗಂಗೆ ಬಿಡಲು ಸಹ ಒಂದು ತೊಟ್ಟು ಇಲ್ಲ. ಗಡಿ ದಾಟಿಸಿ ಮನೆಗೆ ಕರೆದೊಯ್ಯುವುದು ಹೇಗೆ, ಯಾರನ್ನು ಕೇಳಬೇಕು ಎಂದು ಲೆಕ್ಕ ಹಾಕತೊಡಗಿದ್ದೆ. ಅದನ್ನು ಲೆಕ್ಕ ಹಾಕುತ್ತಿರುವ ನನ್ನ ಮನಸ್ಸನ್ನು ಕಂಡು ನನಗೇ ಹೆದರಿಕೆಯಾಯಿತು. ಜೋರಾಗಿ ಅತ್ತೆ. ಕನ್ನಡದಲ್ಲಿ ಏನೇನೋ ಹೇಳಿಕೊಂಡು ಅತ್ತೆ.

ಎಲ್ಲ ಸರಿಹೋಗುತ್ತದೆ ಎಂದು ಅಕ್ಕ ಒಮ್ಮೆಯೂ ಹೇಳಲಿಲ್ಲ. ಅದಕ್ಕಾಗಿ ಅವರಿಗೆ ನಾನು ಋಣಿ. ನನ್ನ ಕೈ ಹಿಡಿದುಕೊಂಡು ತಮ್ಮ ಬಸ್ಸಿನ ದಾರಿಯನ್ನು ಹೇಳತೊಡಗಿದರು. ಮೊದಲ ಮನೆಯಲ್ಲಿ ಅವಳಿ ಹುಡುಗರು, ಯಾವಾಗಲೂ ತಡ. ಮುಂದಿನ ತಿರುವಿನಲ್ಲಿ ಬಸ್ಸಿನ ಹಿಂದೆ ಓಡಿಬರುವ ಕಂದು ನಾಯಿ. ಆಮೇಲೆ ಧಾನ್ಯದ ದೊಡ್ಡ ಕಣಜ. ಅದರ ಆಚೆ, ತಾಯಿ ಇಲ್ಲದ ಒಬ್ಬ ಹುಡುಗಿ. ಅವಳ ಜಡೆಯನ್ನು ಅಕ್ಕ ಬಸ್ಸು ನಿಲ್ಲಿಸಿ ಹೆಣೆದು ಕೊಡುತ್ತಿದ್ದರಂತೆ. ಒಂದೊಂದೇ ಮನೆ, ಒಂದೊಂದೇ ಮಗು. ಶಾಲೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ. ಅವರ ಒದ್ದೆ ಬೂಟಿನ ಕೆಳಗೆ ಹಿಮ ಕರಗಿ ನೀರು ನಿಂತಿತ್ತು, ಅವರು ಅದನ್ನು ತೆಗೆಯಲೂ ಇಲ್ಲ. ಬೆಳಕು ಹರಿದು ವೈದ್ಯರು ಹೊರಗೆ ಬರುವವರೆಗೂ ಆ ಬಸ್ಸು ನಿಲ್ಲಲಿಲ್ಲ.

ಅತ್ತ ಲೈಮಾದಲ್ಲಿ ಭಾವ ಒಬ್ಬರೇ ಎರಡು ಗಾಡಿಗಳನ್ನು ಕಾಯ್ದರು. ಮೋಟಾರ್‌ಹೋಮಿನ ಹೀಟರು ಗ್ಯಾಸಿನಲ್ಲಿ ಉರಿದರೂ ಅದರ ಫ್ಯಾನು ತಿರುಗುವುದು ಬ್ಯಾಟರಿಯಿಂದ. ಬ್ಯಾಟರಿ ಸತ್ತರೆ ಹೀಟರೂ ನಿಲ್ಲುತ್ತದೆ, ನೀರಿನ ಕೊಳವೆಗಳು ಹೆಪ್ಪುಗಟ್ಟಿ ಸೀಳುತ್ತವೆ. ಅವರು ನಮ್ಮ ಟ್ಯಾಂಕಿನ ನೀರನ್ನೆಲ್ಲ ಬಸಿದು, ಸಿಂಕಿನ ಬಾಯಿಗೆ ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರಾವಣ ಸುರಿದು ಕೊಳವೆಗಳನ್ನು ಉಳಿಸಿದ್ದರು. ನಾನು ಹಿಂತಿರುಗಿದಾಗ ಆ ರಾತ್ರಿಯ ಅನ್ನದ ಪಾತ್ರೆಯೂ ತೊಳೆದು ಬೋರಲು ಹಾಕಿತ್ತು.

ಇವರನ್ನು ಮನೆಗೆ ಕರೆದೊಯ್ಯಬಹುದು, ಆದರೆ ಸ್ಟಿಯರಿಂಗ್ ಮುಟ್ಟಕೂಡದು ಎಂದು ವೈದ್ಯರು ಹೇಳಿದರು. ನಾನು ಆ ಗಾಡಿಯನ್ನು ಎಂದೂ ಓಡಿಸಿದವಳಲ್ಲ. ಟೊರಾಂಟೊದಿಂದ ಬಂದಿದ್ದ ಮಗ, ಗಾಡಿಯನ್ನು ಇಲ್ಲಿಯೇ ಬಿಟ್ಟು ವಿಮಾನದಲ್ಲಿ ಹೋಗೋಣವೆಂದ. ಅಕ್ಕ ಏನೂ ಚರ್ಚಿಸಲಿಲ್ಲ, ನಮ್ಮ ಗಾಡಿಯ ಚಾಲಕರ ಸೀಟನ್ನು ತಮ್ಮ ಎತ್ತರಕ್ಕೆ ಸರಿಮಾಡಿಕೊಂಡರು. ಭಾವ ತಮ್ಮ ಗಾಡಿಯಲ್ಲಿ ಹಿಂದಿನಿಂದ ಬಂದರು. ಬ್ಯೂಟ್, ಹೆಲೆನಾ ದಾಟಿ ಗ್ರೇಟ್ ಫಾಲ್ಸ್ ಬಂತು. ಅಲ್ಲಿ ಅವರ ಊರಿನ ದಾರಿ ಬೇರೆಯಾಗುತ್ತದೆ. ಬಲಕ್ಕೆ ಹೊರಳಿ ಹ್ಯಾವರ್ ಮಾರ್ಗವಾಗಿ ಹೋದರೆ ಅವರ ಹೊಲ ಹತ್ತಿರ. ಆ ಕವಲಿನಲ್ಲಿ ಅವರು ವೇಗವನ್ನು ಸಹ ತಗ್ಗಿಸಲಿಲ್ಲ. ನೇರ ಶೆಲ್ಬಿಯ ಕಡೆಗೆ ನಡೆಸಿದರು. ಕ್ಯಾಲ್ಗರಿಯಿಂದ ಅವರ ಊರಿಗೆ ಪೂರ್ವಕ್ಕೆ ಮತ್ತೆ 500 ಕಿಲೋಮೀಟರ್. ನಾನು ಆ ಕವಲನ್ನು ನೋಡಿದೆ, ಅವರ ಮುಖವನ್ನು ನೋಡಿದೆ, ಮಾತು ಹೊರಡಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ, ಅಕ್ಕ. ನೀವು ಆ ಕವಲನ್ನು ದಾಟಿ ಬಂದದ್ದು ನನಗೆ ತಿಳಿಯಿತು.

ಕೂಟ್ಸ್‌ನ ಗಡಿಯಲ್ಲಿ ಅಧಿಕಾರಿ ಇವರ ಮಣಿಕಟ್ಟಿನಲ್ಲಿದ್ದ ಆಸ್ಪತ್ರೆಯ ಪಟ್ಟಿಯನ್ನು ಕಂಡು, ಒಂದೆರಡೇ ಪ್ರಶ್ನೆ ಕೇಳಿ, ಮನೆಗೆ ಸ್ವಾಗತ ಎಂದರು. ಮಿಲ್ಕ್ ರಿವರ್ ಊರು ದಾಟಿದ ಮೇಲೆ ರಸ್ತೆ ನೇರ, ಬಯಲು ವಿಶಾಲ. ಸದಾ ಬೀಸುವ ಅಲ್ಲಿನ ಗಾಳಿ ಅಂದು ಬಿಡುವು ಕೊಟ್ಟಿತ್ತು. ಅಕ್ಕ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಕೀಲಿಯನ್ನು ನನ್ನ ಕೈಗಿಟ್ಟರು. ಆಲ್ಬರ್ಟಾದಲ್ಲಿ ಇಷ್ಟು ಗಾತ್ರದ ಮೋಟಾರ್‌ಹೋಮಿಗೆ ಕಾರಿನ ಪರವಾನಗಿಯೇ ಸಾಕು, ಬೇರೆಯದು ಬೇಕಿಲ್ಲ. ಹೆದ್ದಾರಿಯ ಹತ್ತಿರದ ಗೆರೆ ನೋಡಬೇಡ, ದೂರಕ್ಕೆ ನೋಡು, ಗಾಡಿ ತಾನಾಗಿ ನೆಟ್ಟಗೆ ಹೋಗುತ್ತದೆ ಎಂದರು. ಹಿಂದಿನ ಚಕ್ರಗಳು ತಿರುವಿನಲ್ಲಿ ಎಲ್ಲಿ ಬರುತ್ತವೆ, ಲಾರಿ ಪಕ್ಕದಲ್ಲಿ ಹಾದಾಗ ಗಾಡಿ ಹೇಗೆ ತುಯ್ಯುತ್ತದೆ ಎಂದು ತೋರಿಸಿಕೊಟ್ಟರು. ಲೆತ್‌ಬ್ರಿಜ್‌ವರೆಗೆ ನಾನೇ ಓಡಿಸಿದೆ. ಇವರು ಪಕ್ಕದಲ್ಲಿ ಕುಳಿತು ಒಂದೂ ಸಲಹೆ ಕೊಡಲಿಲ್ಲ. ಮದುವೆಯಾದ ಲಾಗಾಯ್ತಿನಿಂದ ಅದು ಅಪರೂಪ.

ಉಳಿದವರಿಗೂ ನಮ್ಮ ನಮಸ್ಕಾರ ಸಲ್ಲಬೇಕು. ಆ ಚಳಿಯಲ್ಲಿ ಹಾಸಿಗೆಯಿಂದ ಎದ್ದು ಬಂದ ಆಂಬುಲೆನ್ಸಿನವರು, ಹಿಮ ಸರಿಸಿ ದಾರಿ ಮಾಡಿಕೊಟ್ಟ ಚಾಲಕರು, ಡಿಲನ್ ಆಸ್ಪತ್ರೆಯ ವೈದ್ಯರು ಮತ್ತು ದಾದಿಯರು, ವಿಮಾನ ರದ್ದಾದರೂ ಬಾಡಿಗೆ ಕಾರು ಹಿಡಿದು ಬಂದ ಮಗ, ಬೆಂಗಳೂರಿನಲ್ಲಿ ಹಗಲು-ರಾತ್ರಿ ಫೋನಿನ ಮುಂದೆ ಕುಳಿತಿದ್ದ ಮಗಳು, ಚಳಿಗಾಲವಿಡೀ ನಮ್ಮ ಮನೆಯ ಹೀಟರು ನೋಡಿಕೊಂಡು ಕಾಲುದಾರಿಯ ಹಿಮ ತೆಗೆದ ಪಕ್ಕದ ಮನೆಯವರು, ಸರದಿಯ ಮೇಲೆ ಊಟ ತಂದುಕೊಟ್ಟ ಕ್ಯಾಲ್ಗರಿಯ ಕನ್ನಡ ಗೆಳೆಯರು: ನಿಮ್ಮೆಲ್ಲರಿಗೂ ನಾವು ಆಭಾರಿಗಳು.

ಇನ್ನು ಮೇಲೆ ಹೋಗುವುದು ಬೇಡ, ಗಾಡಿ ಮಾರಿಬಿಡಿ ಎಂದು ಹಲವರು ಅಕ್ಕರೆಯಿಂದಲೇ ಹೇಳಿದ್ದೀರಿ. ಇವರ ಆರೋಗ್ಯ ನೋಡಿಕೊಂಡು ಶರತ್ಕಾಲದಲ್ಲಿ ಯೋಚಿಸುತ್ತೇವೆ. ಆದರೆ ಆಗಸ್ಟ್ ಕೊನೆಗೆ ಒಂದು ಪ್ರಯಾಣ ಆಗಲೇ ನಿಶ್ಚಯವಾಗಿದೆ. ಸಸ್ಕಾಚೆವಾನ್‌ನಲ್ಲಿ ಅದು ಕಟಾವಿನ ಕಾಲ. ಕಟಾವು ಯಂತ್ರಗಳು ರಾತ್ರಿಯವರೆಗೂ ನಿಲ್ಲುವುದಿಲ್ಲ, ಹೊಲದಲ್ಲಿರುವವರಿಗೆ ಅಲ್ಲಿಗೇ ಊಟ ಒಯ್ಯಬೇಕು. ಈಗ ಬೇಸಾಯವೆಲ್ಲ ಅಕ್ಕನ ಮಗನದು, ಅಡುಗೆ ಮಾತ್ರ ಇನ್ನೂ ಅಕ್ಕನ ಪಾಲಿನದು. ಈ ವರ್ಷ ಅದು ನನ್ನದು ಎಂದು ಅವರಿಗೆ ಫೋನಿನಲ್ಲಿ ಹೇಳಿಯಾಗಿದೆ. ಚಿತ್ರಾನ್ನ, ಮೊಸರನ್ನ, ಅವರದೇ ಮಸೂರದ ಸಾರು, ಯೂಮಾದ ನಿಂಬೆಕಾಯಿ ಉಪ್ಪಿನಕಾಯಿ. ಗಾಡಿ ನಾನೇ ಓಡಿಸಿಕೊಂಡು ಹೋಗುತ್ತೇನೆ.