ಬಿದ್ದುಹೋದ ಹೆಸರು

ಪ್ರೀತಿಯ ಮಗಳೇ,

ಗಂಟೆ ಹನ್ನೆರಡೂವರೆ ಆಯಿತು. ನಿನ್ನ ಬಸ್ಸು ಶಿರಾಡಿ ಘಾಟಿ ಹತ್ತುತ್ತಿರಬಹುದು. ಅಮ್ಮ ಮಲಗಿದ್ದಾಳೆ, ಆದರೆ ನಿದ್ದೆ ಬಂದಿಲ್ಲ ಅಂತ ನನಗೆ ಗೊತ್ತು. ನೀನು ಬಿಟ್ಟುಹೋದ ನೀರುದೋಸೆಯ ಡಬ್ಬ ಮೇಜಿನ ಮೇಲೆ ಹಾಗೇ ಇದೆ.

ಸಂಜೆ ಏನಾಯಿತು ಅಂತ ಮತ್ತೆ ಬರೆಯುವುದಿಲ್ಲ. ಒಂದು ಮಾತನ್ನು ಮಾತ್ರ ವಾಪಸ್ ತೆಗೆದುಕೊಳ್ಳಬೇಕು. ದೊಡ್ಡಪ್ಪನ ಎದುರಿಗೆ "ಆರು ತಿಂಗಳು ಸ್ವಿಟ್ಜರ್ಲೆಂಡ್ ಸುತ್ತಾಡಿ ಬಂದಿದ್ದಾಳೆ, ಇನ್ನಾದರೂ ಒಂದು ಕೆಲಸ ಬೇಡವಾ" ಅಂದೆ. ನೀನು ಸುತ್ತಾಡಲು ಹೋಗಿರಲಿಲ್ಲ. ಅದು ಗೊತ್ತಿದ್ದೂ ಅಂದೆ. ತಪ್ಪಾಯಿತು.

ಚಪ್ಪಲಿ ಹಾಕಿಕೊಳ್ಳುತ್ತಾ ನೀನು ಕೇಳಿದೆ, "ಜಿನೀವಾದಲ್ಲಿ ನಾನು ಏನು ಮಾಡಿದೆ ಅಂತ ಒಂದು ಸಲವಾದರೂ ಕೇಳಿದ್ದೀರಾ ಪಪ್ಪ?" ಕೇಳಿಲ್ಲ. ಯಾಕೆ ಕೇಳಲಿಲ್ಲ ಅಂತ ಹೇಳುವುದಕ್ಕೇ ಈ ಪತ್ರ.

ಮಾರ್ಚಿನಲ್ಲಿ ಒಂದು ರಾತ್ರಿ ಫೋನ್ ಮಾಡಿದ್ದೆ ನೀನು. ಇಲ್ಲಿ ಒಂದು ಗಂಟೆ, ಅಲ್ಲಿ ಎಂಟೂವರೆ. ಅಳುತ್ತಿದ್ದೆ. ಅವತ್ತು ನೀನು ಹೇಳಿದ್ದು ಒಂದೊಂದೂ ನೆನಪಿದೆ. ಬರೆಯುತ್ತೇನೆ, ಸರಿಯಾಗಿ ಕೇಳಿಸಿಕೊಂಡಿದ್ದೇನಾ ನೋಡು.

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯಲ್ಲಿ 47 ದೇಶಗಳ ಸದಸ್ಯರು ಕೂತಿರುತ್ತಾರೆ. ನೀನು ಕೆಲಸ ಮಾಡಿದ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್ ಅನ್ನುವ ಚರ್ಚುಗಳ ಒಕ್ಕೂಟದಂಥ ಸಂಸ್ಥೆಗಳಿಗೂ ಮಾತಾಡಲು ಅವಕಾಶ ಇದೆ, ಆದರೆ ಒಂದೂವರೆ ನಿಮಿಷ ಮಾತ್ರ. ಎದುರಿಗೆ ಗಡಿಯಾರ ಹಿಂದಕ್ಕೆ ಎಣಿಸುತ್ತಾ ಇರುತ್ತದೆ. ಸಮಯ ಮುಗಿದರೆ ಮೈಕ್ ಬಂದ್. ಒಬ್ಬ ತಾಯಿ ಎರಡು ಗಂಟೆ ಕೂತು ನಿನ್ನ ಹತ್ತಿರ ಹೇಳಿದ್ದನ್ನು ಆ ಒಂದೂವರೆ ನಿಮಿಷಕ್ಕೆ ಇಳಿಸುವುದು ನಿನ್ನ ಕೆಲಸವಾಗಿತ್ತು. ಯಾವ ದೇಶದವಳು ಅಂತ ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೊದಲು ಊರಿನ ವಿಷಯ ತೆಗೆದೆಯಂತೆ. ಆಮೇಲೆ ಪೊಲೀಸರು ಬಂದ ದಿನದ ವಿವರ. ಕೊನೆಗೆ, "ಅವಳ ಮಗನ ಹೆಸರನ್ನೂ ತೆಗೆದೆ ಪಪ್ಪ. ಅವಳು ಅದೊಂದನ್ನೇ ಹತ್ತು ಸಲ ಹೇಳಿದ್ದಳು."

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು "ಊಟ ಆಯ್ತಾ?" ಅಂದೆ. ನೀನು ಹ್ಞೂಂ ಅಂದು ಫೋನ್ ಇಟ್ಟೆ.

ಪಪ್ಪನಿಗೆ ಅರ್ಥ ಆಗಲಿಲ್ಲ ಅಂದುಕೊಂಡಿರಬೇಕು. ಅರ್ಥ ಆಯಿತು, ಮಗಳೇ. ಅದಕ್ಕೇ ಬಾಯಿ ಕಟ್ಟಿಹೋಯಿತು.

1987ರಲ್ಲಿ ನಾನು ಒಂದು ಪ್ರೆಸ್‌ನಲ್ಲಿ ಕಂಪೋಸಿಟರ್ ಆಗಿದ್ದೆ. ಆಗ ಎಲ್ಲ ಅಚ್ಚುಮೊಳೆಯ ಕೆಲಸ. ಒಂದೊಂದೇ ಅಕ್ಷರ, ಒಂದೊಂದೇ ಒತ್ತು ಆರಿಸಿ ಕೈಯಲ್ಲಿ ಜೋಡಿಸಬೇಕು. ಒಂದು ಶ್ರದ್ಧಾಂಜಲಿ ಕಾರ್ಡ್ ಬಂತು, ಕಪ್ಪು ಅಂಚಿನದ್ದು. ಯಾವುದೋ ಮನೆಯ ಅಜ್ಜಿ ತೀರಿಕೊಂಡಿದ್ದರು. ಕೆಳಗೆ ದುಃಖತಪ್ತ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಅಂತ ಹೆಸರುಗಳ ಸಾಲು. ಎಷ್ಟು ಬಿಗಿ ಮಾಡಿದರೂ ಕೊನೆಯ ಹೆಸರು ಹಿಡಿಸಲಿಲ್ಲ. "ಹಾಗೂ ಬಂಧುಮಿತ್ರರು" ಅನ್ನುವುದನ್ನು ಬಿಡುವಂತಿಲ್ಲ. ಆ ಕೊನೆಯ ಹೆಸರಿನ ಮುಂದೆ ಇನಿಷಿಯಲ್ ಇರಲಿಲ್ಲ. ಇದು ಅಷ್ಟು ಮುಖ್ಯ ಅಲ್ಲ ಅಂತ ನಾನೇ ತೀರ್ಮಾನ ಮಾಡಿದೆ. ಯಾರನ್ನೂ ಕೇಳಲಿಲ್ಲ. ಇನ್ನೂರು ಕಾರ್ಡ್ ಅಚ್ಚಾಗಿ ಹೋಯಿತು.

ಮೂರನೇ ದಿನ ಒಬ್ಬಳು ಹುಡುಗಿ ಪ್ರೆಸ್ಸಿಗೆ ಬಂದಳು. ಹತ್ತು ವರ್ಷ ಇರಬಹುದು. ಶಾಲೆಯ ನೀಲಿ ಲಂಗ, ಒಂದೇ ಜಡೆಯಲ್ಲಿ ರಿಬ್ಬನ್, ಇನ್ನೊಂದು ಬಿಚ್ಚಿಹೋಗಿತ್ತು. ಆ ಅಜ್ಜಿ ಸಾಕಿದ ಮಗುವಂತೆ. ಕಾರ್ಡನ್ನು ನನ್ನ ಮೇಜಿನ ಮೇಲೆ ಇಟ್ಟು, ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿದಳು. ಮತ್ತೆ ಮೇಲಿನಿಂದ ಓದಿದಳು. ಆಮೇಲೆ ಕೇಳಿದಳು, "ನನ್ನ ಹೆಸರು ಎಲ್ಲಿ ಬಿದ್ದುಹೋಯಿತು?"

ಬಿದ್ದುಹೋಯಿತು ಅಂತಲೇ ಅವಳು ತಿಳಿದಿದ್ದಳು. ಮೊಳೆ ಕೆಲವು ಸಲ ನಿಜವಾಗಿ ಬೀಳುತ್ತಿತ್ತು. "ಹೌದಮ್ಮ, ಮೊಳೆ ಬಿದ್ದುಹೋಯಿತು" ಅಂದುಬಿಟ್ಟೆ. ಅವಳು ಬಗ್ಗಿ ಮೇಜಿನ ಅಡಿ ನೋಡಿದಳು. ಬೀರುವಿನ ಅಡಿಯಲ್ಲಿ ಕೈಹಾಕಿ ಹುಡುಕಿದಳು. ಕೈಯೆಲ್ಲ ಮಸಿ ಆಯಿತು. ನಾನು ನೋಡುತ್ತಾ ನಿಂತಿದ್ದೆ. ಒಂದು ಕಾರ್ಡನ್ನಾದರೂ ಅವಳ ಹೆಸರು ಸೇರಿಸಿ ಅಚ್ಚು ಮಾಡಿ ಕೊಡಬಹುದಿತ್ತು, ಅಲ್ವಾ? ಅರ್ಧ ಗಂಟೆಯ ಕೆಲಸ. ಅದು ಹೊಳೆದದ್ದು ಅವಳು ಹೋದ ಮೇಲೆ. ಕೈ ತೊಳೆದುಕೊಳ್ಳಲು ನೀರು ಕೊಟ್ಟೆನಾ ಇಲ್ಲವಾ ಅಂತ ಈಗಲೂ ಯೋಚಿಸುತ್ತೇನೆ. ಕೊಟ್ಟಿರಬೇಕು. ನೆನಪಿಲ್ಲ.

ಇದನ್ನು ಅಮ್ಮನಿಗೂ ಹೇಳಿಲ್ಲ. ನೀನು ಫೋನಿನಲ್ಲಿ "ಹೆಸರು ತೆಗೆದೆ" ಅಂದಾಗ ಆ ಮಗು ಮತ್ತೆ ಬೀರುವಿನ ಅಡಿ ಕೈಹಾಕಿದ ಹಾಗಾಯಿತು. ಇನ್ನೊಂದು ಪ್ರಶ್ನೆ ಕೇಳಿದರೆ ನೀನೂ ಏನಾದರೂ ಕೇಳುತ್ತೀಯ ಅಂತ ಹೆದರಿದೆ. ನೀನು ಊರಿಗೆ ಬಂದ ಮೇಲೂ ಅದೇ ಹೆದರಿಕೆ. ಅದಕ್ಕೇ ಚಾಕಲೇಟಿನ ವಿಷಯ ಕೇಳಿದೆ, ಚಳಿಯ ವಿಷಯ ಕೇಳಿದೆ.

ಆದರೆ ನೀನು ಮಾಡಿದ್ದೂ ನಾನು ಮಾಡಿದ್ದೂ ಒಂದೇ ಅಲ್ಲ. ಅಲ್ಲಿ ಬಂದು ಮಾತಾಡಿದವರ ಮನೆಯವರಿಗೆ ಊರಿನಲ್ಲಿ ತೊಂದರೆ ಕೊಡುತ್ತಾರೆ, ಅಂಥ ಪ್ರಕರಣಗಳ ಮೇಲೆ ವಿಶ್ವಸಂಸ್ಥೆಯೇ ಪ್ರತಿ ವರ್ಷ ವರದಿ ತರುತ್ತದೆ ಅಂತ ನೀನೇ ಅಮ್ಮನಿಗೆ ಹೇಳುತ್ತಿದ್ದೆ. ಪೇಪರ್ ಮುಖಕ್ಕೆ ಹಿಡಿದುಕೊಂಡು ನಾನು ಕೇಳಿಸಿಕೊಂಡೆ. ಆ ಹುಡುಗನ ತಂಗಿಯರು ಇನ್ನೂ ಅದೇ ಊರಿನಲ್ಲಿದ್ದಾರಂತೆ. ಹೆಸರು ತೆಗೆದದ್ದು ಸಮಯ ಇಲ್ಲ ಅಂತಲಾ, ಅವರ ಜೀವ ಉಳಿಯಲಿ ಅಂತಲಾ ಅಂತ ಅಮ್ಮ ಕೇಳಿದಾಗ ನೀನು "ಎರಡೂ" ಅಂದೆ. ಹಾಗೆ ನಿಜ ಹೇಳುವ ಧೈರ್ಯ ನನಗಿರಲಿಲ್ಲ.

ಬೇರೆಯದೂ ನೆನಪಿದೆ. 1948ರ ಮಾನವ ಹಕ್ಕುಗಳ ಘೋಷಣೆಯ 18ನೇ ವಿಧಿ ಬರೆಯುವಾಗ ಫ್ರೆಡರಿಕ್ ನೋಲ್ಡೆ ಎಂಬ ಲೂಥರನ್ ಪ್ರಾಧ್ಯಾಪಕರು ದುಡಿದದ್ದು. ನೀನು ಕೆಲಸ ಮಾಡಿದ ವಿಭಾಗಕ್ಕೆ ಅವರೇ ಮೊದಲ ನಿರ್ದೇಶಕರು. ಅವರು ಕೇಳಿದ್ದು ಕ್ರೈಸ್ತರಿಗೆ ಮಾತ್ರ ಅಲ್ಲ, ಎಲ್ಲರಿಗೂ ತಮ್ಮ ನಂಬಿಕೆಯ ಸ್ವಾತಂತ್ರ್ಯ. ಇದನ್ನು ನಮ್ಮ ಸಭೆಯಲ್ಲಿ ನಾಲ್ಕು ಜನರಿಗೆ ಹೇಳಿದ್ದೇನೆ, ನಿನಗೆ ಮಾತ್ರ ಹೇಳಿಲ್ಲ. ನೀನು ರೈಲು ಹತ್ತಿ ಬಾಸೆಲಿಗೆ ಹೋಗಿ, ಬಾಸೆಲ್ ಮಿಷನ್ ಸಂಗ್ರಹದಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿದ್ದ ಅವರ ಹೆಂಚಿನ ಕಾರ್ಖಾನೆಯ ಹಳೆಯ ಫೋಟೋ ನೋಡಿ ಬಂದೆ. ನನ್ನ ಅಜ್ಜ ಅಲ್ಲಿ ಮಣ್ಣು ತುಳಿದವರು. 1834ರಲ್ಲಿ ಆ ಊರಿನಿಂದ ಮೂವರು ಮಿಷನರಿಗಳು ಮಂಗಳೂರಿಗೆ ಬಂದರು. ನಮ್ಮ ಮನೆಯಿಂದ ಆ ಊರಿಗೆ ಹೋದವಳು ನೀನೇ ಮೊದಲು. ಸಾಲಿನಲ್ಲಿ ನಿಂತ ಕೆಲಸದವರ ಆ ಫೋಟೋವನ್ನು ದೊಡ್ಡದು ಮಾಡಿ ಎಷ್ಟು ಸಲ ನೋಡಿದೆನೋ. ಅದರ ಕೆಳಗೆ ಒಬ್ಬರ ಹೆಸರೂ ಇರಲಿಲ್ಲ.

ಬೆಂಗಳೂರಿನ ಈ ಕೆಲಸ ನಿನಗೆ ಬೇಕು ಅಂದರೆ ಮಾಡು. ವಲಸೆ ಕಾರ್ಮಿಕರ ದೂರು ಬರೆದುಕೊಡುವುದು ಒಳ್ಳೆಯ ಕೆಲಸ. ಆದರೆ ಸಂಬಳ ಎಷ್ಟು, ಪಿಎಫ್ ಇದೆಯಾ, ಆಸ್ಪತ್ರೆ ಖರ್ಚಿಗೆ ವಿಮೆ ಇದೆಯಾ ಅಂತ ಮೊದಲ ದಿನವೇ ಕೇಳು. ದೇವರ ಕೆಲಸ, ಸೇವೆ ಅಂತ ಹೇಳಿ ಸಂಬಳ ತಡ ಮಾಡುವವರು ಇರುತ್ತಾರೆ. ಕೇಳಲು ನಾಚಬೇಡ. ರಾತ್ರಿ ಹತ್ತರ ಮೇಲೆ ಯಾರ ಹೇಳಿಕೆಯನ್ನೂ ಓದುತ್ತಾ ಕೂರಬೇಡ. ಬೆಳಿಗ್ಗೆ ಏನಾದರೂ ತಿಂದು ಹೋಗು. ಜಿನೀವಾದಿಂದ ಬಂದಾಗ ನಿನ್ನ ಕೈ ಎಷ್ಟು ತೆಳ್ಳಗಾಗಿತ್ತು ಅಂತ ನೀನು ನೋಡಿಕೊಂಡಿಲ್ಲ, ನಾನು ನೋಡಿದ್ದೇನೆ. ದೊಡ್ಡಪ್ಪ ಹೇಳಿದ ಕಂಪನಿಯ ಬಾಗಿಲನ್ನೂ ಪೂರ್ತಿ ಮುಚ್ಚಬೇಡ. ಒಂದು ವರ್ಷ ನೋಡು. ಸಿಟ್ಟು ಬರುತ್ತಿರಬಹುದು. ಬರಲಿ. ಇದನ್ನು ಹೇಳದೆ ನನಗೆ ನಿದ್ದೆ ಬರುವುದಿಲ್ಲ.

ಬೆಳಿಗ್ಗೆ ದೊಡ್ಡಪ್ಪನಿಗೆ ಫೋನ್ ಮಾಡಿ, ನಾನು ಹೇಳಿದ್ದು ಸುಳ್ಳು ಅಂತ ತಿಳಿಸುತ್ತೇನೆ.

ಆ ಹುಡುಗನ ಹೆಸರನ್ನು ನನಗೂ ಹೇಳಬೇಡ. ಉಳಿದದ್ದೆಲ್ಲ ಹೇಳು. ಭಾನುವಾರ ಆರಾಧನೆ ಮುಗಿಸಿ ಬಂದು ಫೋನ್ ಹತ್ತಿರವೇ ಕೂತಿರುತ್ತೇನೆ. ಎರಡು ಗಂಟೆ ಆದರೂ ಆಗಲಿ.

ನಿನ್ನ
ಪಪ್ಪ