ಹಕ್ಕಿಗೆಂದು ಬಿತ್ತಿದ ಕೊರಲೆ

ಥಾಮಸ್‌ವಿಲ್, ಜಾರ್ಜಿಯಾ ರಾಜ್ಯ, ಅಮೆರಿಕ
8 ಜೂನ್ 2025

ತೀರ್ಥರೂಪರಾದ ತಂದೆಯವರ ಪಾದಗಳಿಗೆ ನಿಮ್ಮ ಮಗನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ. ಅಮ್ಮನ ಮಂಡಿನೋವು ಕಡಿಮೆಯಾಗಿದೆ ಎಂದು ಅಣ್ಣ ತಿಳಿಸಿದ ಮೇಲೆ ಮನಸ್ಸಿಗೆ ಸಮಾಧಾನವಾಯಿತು. ಹುಣಸೆಮರದ ಕೆಳಗಿನ ಅರ್ಧ ಎಕರೆಯನ್ನು ಈ ಮುಂಗಾರಿಗೆ ಬೀಳು ಬಿಡಲು ನೀವು ನಿಶ್ಚಯಿಸಿರುವ ಸಂಗತಿಯನ್ನೂ ಅವನೇ ಹೇಳಿದ. ಬಿತ್ತನೆಯ ಹದ ಮೀರುವ ಮೊದಲೇ ತಲುಪಲೆಂದು ಈ ಪತ್ರವನ್ನು ಬರೆಯುತ್ತಿದ್ದೇನೆ.

ನಾನು ಕೆಲಸಕ್ಕಿರುವ ಜಮೀನಿನಲ್ಲಿ ಕಾಡುಹಕ್ಕಿಗಳಿಗೆಂದೇ ಪೈರು ಬೆಳೆಯುತ್ತಾರೆ ಎಂದು ಹಿಂದೆ ತಿಳಿಸಿದ್ದೆ. ಯಾವ ಪೈರು ಎಂದು ಹೇಳಿರಲಿಲ್ಲ. ಮೊದಲ ವರ್ಷ ಬಿತ್ತನೆಯ ಚೀಲ ಬಿಚ್ಚಿದಾಗ ಅದರ ಮೇಲೆ ‘ಬ್ರೌನ್‌ಟಾಪ್ ಮಿಲೆಟ್’ ಎಂದು ಬರೆದಿತ್ತು. ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ ಊದಿ ನೋಡಿದರೆ, ಅಮ್ಮ ಮೊರದಲ್ಲಿ ಕೇರುತ್ತಿದ್ದ ಅದೇ ಕೊರಲೆ, ಅದೇ ಮಣ್ಣುಬಣ್ಣದ ಸಿಪ್ಪೆ. 1915ರ ಸುಮಾರಿಗೆ ನಮ್ಮ ದೇಶದಿಂದ ಇಲ್ಲಿಗೆ ಬಂದ ಬೀಜವಂತೆ. ಇಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಇದು ದನದ ಮೇವಿಗೂ ಹಕ್ಕಿಯ ಮೇವಿಗೂ ಬೆಳೆಯಾಗಿ ನಿಂತಿದೆ. ಮಧುಗಿರಿ, ಶಿರಾ, ಪಾವಗಡದ ಹೊಲಗಳಿಂದಲೇ ನಾವು ಕೈಬಿಡುತ್ತಿದ್ದ ಧಾನ್ಯವನ್ನು ಇಲ್ಲಿ ದುಡ್ಡು ಕೊಟ್ಟು ತಂದು ಹಕ್ಕಿಗೆಂದು ಬಿತ್ತುವುದನ್ನು ಕಂಡ ಆ ದಿನ ನನಗೆ ಊಟ ಸೇರಲಿಲ್ಲ.

ಆ ವರ್ಷ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಹೆಚ್ಚು ತೆನೆ ಬಂದರೆ ಹಕ್ಕಿಗೆ ಹೆಚ್ಚು ಕಾಳು ಸಿಗುತ್ತದೆಂದು ಎಣಿಸಿ, ಎಕರೆಗೆ ಹನ್ನೆರಡು ಕಿಲೋ ಬೀಜ ಎರಚಿ, ಯೂರಿಯಾವನ್ನೂ ಧಾರಾಳವಾಗಿ ಕೊಟ್ಟೆ. ಪೈರು ಸೊಂಟದೆತ್ತರ ಬೆಳೆದು, ದಟ್ಟವಾಗಿ, ಮಳೆಗೆ ಒಂದರ ಮೇಲೊಂದು ಬಿದ್ದುಕೊಂಡಿತು. ಬೆಳವಗಳು ಮೇಲೆ ಸುತ್ತು ಹಾಕಿ ಹಾಗೆಯೇ ಹೊರಟುಹೋಗುತ್ತಿದ್ದವು. ಬೆಳವದ ಕಾಲಿಗೆ ಕಸ ಕೆದಕುವ ಶಕ್ತಿಯಿಲ್ಲ. ಅದು ಬರಿಯ ನೆಲದ ಮೇಲೆ ನಡೆದು, ಕಣ್ಣಿಗೆ ಕಂಡ ಕಾಳನ್ನಷ್ಟೇ ಹೆಕ್ಕುತ್ತದೆ. ಇಲ್ಲಿನ ‘ಬಾಬ್‌ವೈಟ್’ ಎಂಬ ಪುಟ್ಟ ಗೌಜಲಿನ ಮರಿಗಳ ಪಾಡು ಇನ್ನೂ ಕಷ್ಟದ್ದು. ಮೊದಲ ಕೆಲವು ವಾರ ಅವು ಬದುಕುವುದೇ ಹುಳುಹುಪ್ಪಟೆ ತಿಂದು. ಹೆಬ್ಬೆರಳ ಗಾತ್ರದ ಆ ಮರಿ ದಟ್ಟ ಹುಲ್ಲಿನ ಬುಡದಲ್ಲಿ ಒಂದು ಮಾರು ದೂರವೂ ನುಸುಳಲಾರದು. 1966ರಿಂದ ಈಚೆಗೆ ಈ ಹಕ್ಕಿಗಳ ಸಂಖ್ಯೆ ಈ ದೇಶದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿದಿದೆ. ಇಲ್ಲಿ ಅವುಗಳಿಗೆ ಕಾಳಿಗಿಂತ ಮುಖ್ಯವಾಗಿ ಬೇಕಿರುವುದು, ಮೇಲೆ ಗಿಡುಗನ ಕಣ್ಣು ತಪ್ಪಿಸುವ ಎಲೆಯ ಮರೆ, ಕೆಳಗೆ ಓಡಾಡಲು ಬರಿ ನೆಲ.

ಈಗ ಕೂರಿಗೆ ಸಾಲಿನಲ್ಲಿ ಎಕರೆಗೆ ನಾಲ್ಕು ಕಿಲೋ ಮೀರದಂತೆ, ಅರ್ಧ ಅಂಗುಲಕ್ಕಿಂತ ಆಳಕ್ಕೆ ಇಳಿಯದಂತೆ, ಪೊದೆಯಂಚಿಗೆ ಹೊಂದಿದ ಉದ್ದನೆಯ ಪಟ್ಟಿಗಳಲ್ಲಿ ಬಿತ್ತುತ್ತೇವೆ. ಎಲ್ಲವನ್ನೂ ಒಂದೇ ದಿನ ಬಿತ್ತುವುದಿಲ್ಲ. ಎರಡು ಮೂರು ವಾರ ಅಂತರ ಬಿಟ್ಟರೆ ಒಂದು ಪಟ್ಟಿಯ ಕಾಳು ಉದುರಿ ಮುಗಿಯುವಷ್ಟರಲ್ಲಿ ಇನ್ನೊಂದು ಮಾಗಿರುತ್ತದೆ. ಇಲ್ಲಿನ ಸೆಖೆಗೆ ಅರವತ್ತು ದಿನಕ್ಕೆಲ್ಲ ತೆನೆ ಬಲಿಯುತ್ತದೆ. ಆಮೇಲೆ ನಡುನಡುವೆ ಕೆಲವು ಸಾಲುಗಳನ್ನು ಕೊಯ್ದು ನೆಲಕ್ಕೆ ಕೆಡವಿ, ಉಳಿದದ್ದನ್ನು ನಿಲ್ಲಿಸುತ್ತೇವೆ. ಇವೇ ಹೊಲಗಳಲ್ಲಿ ಸೆಪ್ಟೆಂಬರಿನಿಂದ ಬೆಳವದ ಬೇಟೆಯೂ ನಡೆಯುತ್ತದೆ ಎಂಬುದನ್ನು ನಿಮ್ಮಿಂದ ಮುಚ್ಚಿಡಲಾರೆ. ಬೆಳೆದು ನಿಂತ ಪೈರನ್ನು ಕೊಯ್ದು ಕೆಡವಲು ಇಲ್ಲಿನ ಕಾನೂನು ಒಪ್ಪುತ್ತದೆ. ಹೊರಗಿನಿಂದ ಕಾಳು ತಂದು ಚೆಲ್ಲಿ ಅದರ ಮೇಲೆ ಬೇಟೆಯಾಡುವುದು ಅಪರಾಧ. ನಾನು ಆ ದಿನಗಳಲ್ಲಿ ಗೌಜಲಿನ ಪಟ್ಟಿಗಳ ಕೆಲಸವನ್ನು ಕೇಳಿ ಪಡೆಯುತ್ತೇನೆ.

ಅಪ್ಪ, ನನ್ನ ಬಿನ್ನಹವಿಷ್ಟೆ. ಹುಣಸೆಯ ನೆರಳಿನಲ್ಲಿ ರಾಗಿ ಏಳುವುದಿಲ್ಲವೆಂದು ಆ ನೆಲವನ್ನು ಬೀಳು ಬಿಡಬೇಡಿ. ಆ ನೆರಳಿನಲ್ಲೂ ಕೊರಲೆ ಬರುತ್ತದೆಂಬುದನ್ನು ನಮ್ಮ ಅಜ್ಜಿಯೇ ತೋರಿಸಿದ್ದರು. ಆ ಅರ್ಧ ಎಕರೆಗೆ ಕೊರಲೆ ಬಿತ್ತಿ, ಬದುವಿನ ಕಾರೆಪೊದೆಗೆ ತಾಗಿದ ಐದು ಗುಂಟೆಯನ್ನು ಮಾತ್ರ ಕೊಯ್ಯದೆ ಹಕ್ಕಿಗೆ ಬಿಡಿ, ಉಳಿದದ್ದು ಮನೆಗಾಗಲಿ. ರಾಟವಾಳ, ಗೀಜಗ ತೆನೆಯ ಮೇಲೆಯೇ ಕೂತು ತಿನ್ನುತ್ತವೆ. ಬೆಳವಕ್ಕೂ ಗೌಜಲಿಗೂ ಹತ್ತು ದಿನಕ್ಕೊಮ್ಮೆ ಒಂದು ಸಾಲನ್ನು ಅಣ್ಣ ಕುಡುಗೋಲಿನಿಂದ ಕೆಡವಿದರೆ ಸಾಕು. ಅಂಗಡಿಯಿಂದ ತಂದ, ಔಷಧ ಸವರಿದ ಬೀಜವನ್ನು ಮಾತ್ರ ಅಲ್ಲಿಗೆ ಹಾಕಬೇಡಿ. ಮಣ್ಣಿನ ಮೇಲೆ ಉಳಿದ ಅಂಥ ಕಾಳುಗಳು ಹಕ್ಕಿಯ ಜೀವ ತೆಗೆಯಬಲ್ಲವು.

ಇದನ್ನೇ ಕೆಳಗಿನ ಹೊಲಕ್ಕೆ ಹಬ್ಬಿಸುವುದು ಬೇಡ. ಅಲ್ಲಿ ಕಡಲೆಕಾಯಿ ಇದೆ. ನವಿಲಿಗೆ ಒಮ್ಮೆ ರುಚಿ ಹತ್ತಿದರೆ ಪಕ್ಕದ ಹೊಲದವರು ನಮ್ಮನ್ನು ಬೈಯುವುದು ನ್ಯಾಯವೇ. ಮೈದನಹಳ್ಳಿಯ ಕೃಷ್ಣಮೃಗಗಳಿಗೂ ಬಿತ್ತೋಣವೇ ಎಂದು ಅಣ್ಣ ಉತ್ಸಾಹದಿಂದ ಕೇಳಿದ. ಬೇಡವೆಂದು ಅವನಿಗೆ ತಿಳಿಸಿ ಹೇಳಿ. ಅವಕ್ಕೆ ಬೇಕಿರುವುದು ಬಯಲು ಹುಲ್ಲುಗಾವಲು. ಬೆಳೆಯ ಆಸೆ ತೋರಿಸಿ ಹೊಲದ ಕಡೆಗೆ ಕರೆದರೆ ನಾಯಿಗೂ ಬೇಲಿಯ ತಂತಿಗೂ ನಾವೇ ಒಪ್ಪಿಸಿದಂತಾಗುತ್ತದೆ. ಗೌಜಲಿಗೆ ಬಲೆ ಒಡ್ಡುವವರು ಬಂದರೆ ನೀವೇ ಗದರಿ ಕಳುಹಿಸಬೇಕು. ಅಣ್ಣನ ಮಾತನ್ನು ಅವರು ಕೇಳುವುದಿಲ್ಲ.

ಅಟ್ಟದ ಮೇಲೆ ಅಜ್ಜಿಯ ಮಡಕೆಯಲ್ಲಿ ಬೂದಿ ಬೆರೆಸಿಟ್ಟ ಕೊರಲೆ ಇನ್ನೂ ಇದ್ದರೆ, ಒಂದು ಹಿಡಿಯನ್ನು ಒದ್ದೆ ಗೋಣಿಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ನೋಡಿ. ನೂರಕ್ಕೆ ಎಷ್ಟು ಒಡೆದವೆಂದು ತಿಳಿಸಿದರೆ ಎಷ್ಟು ಬೀಜ ಹಾಕಬೇಕೆಂದು ಲೆಕ್ಕ ಹಾಕಿ ಕೂಡಲೇ ಬರೆಯುತ್ತೇನೆ.

ಅಮ್ಮನಿಗೆ, ಅಣ್ಣ ಅತ್ತಿಗೆಯರಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗ