ಬೆನ್ನು ತುಳಿಸಬೇಡಿ, ನೀವುವುದನ್ನು ಕಲಿಸಿ

ಮಾನ್ಯ ಸಂಪಾದಕರೇ,

ನಮ್ಮ ತೀರ್ಥಹಳ್ಳಿ ಕಡೆ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವುದು, ಶುರುವಾಗಿದೆ. ಇನ್ನು ಮೂರು ತಿಂಗಳು ಯಾರ ಅಂಗಳಕ್ಕೆ ಹೋದರೂ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುವ ಹೆಂಗಸರ ಸಾಲು ಕಾಣುತ್ತದೆ. ಕೂಲಿ ಡಬ್ಬದ ಲೆಕ್ಕ, ಎಷ್ಟು ಡಬ್ಬ ಸುಲಿದರೆ ಅಷ್ಟು ದುಡ್ಡು. ಹಾಗಾಗಿ ಯಾರೂ ನಡುವೆ ಏಳುವುದಿಲ್ಲ. ರಾತ್ರಿ ಹತ್ತು ಗಂಟೆ ಮೇಲೆ ಕೆಲಸ ಮುಗಿಸಿ ಎದ್ದಾಗ ಸೊಂಟಕ್ಕೆ ಕೈ ಕೊಟ್ಟುಕೊಂಡು, ಗೋಡೆ ಹಿಡಿದು, ಒಂದೊಂದೇ ಹೆಜ್ಜೆಗೆ ನೆಟ್ಟಗಾಗುತ್ತಾರೆ. ನಾನೂ ಇಪ್ಪತ್ತು ವರ್ಷದಿಂದ ಆ ಸಾಲಿನಲ್ಲಿ ಕೂತವಳೇ. ನಮ್ಮದು ಒಂದೆಕರೆ ತೋಟ. ನಮ್ಮ ಮನೆಯದು ಮುಗಿದ ಮೇಲೆ ಬೇರೆಯವರ ಮನೆಗೂ ಸುಲಿಯಲು ಹೋಗುತ್ತೇನೆ.

ಮನೆಗೆ ಹೋದ ಮೇಲೆ ನಾವು ಏನು ಮಾಡುತ್ತೇವೆ ಹೇಳಿ? ಕವುಚಿ ಮಲಗಿ, ಮಕ್ಕಳನ್ನು ಕರೆದು ಬೆನ್ನು ತುಳಿಸಿಕೊಳ್ಳುತ್ತೇವೆ. ನಮ್ಮ ಅತ್ತೆಗೂ ಅದೇ ಅಭ್ಯಾಸ ಇತ್ತು. ನನ್ನ ಮಗ ಐದು ವರ್ಷದವನಿದ್ದಾಗಿನಿಂದ ಅವರ ಬೆನ್ನು ತುಳಿಯುತ್ತಿದ್ದ. ನಾಲ್ಕು ವರ್ಷದ ಹಿಂದೆ ಒಂದು ರಾತ್ರಿ ಅತ್ತೆ "ಇನ್ನು ಸ್ವಲ್ಪ ಮೇಲೆ ತುಳಿ ಮಗಾ" ಅಂದರು. ಆಗ ಅವನಿಗೆ ಹನ್ನೊಂದು ವರ್ಷ, ಮೈಯೂ ಬೆಳೆದಿತ್ತು, ಅದು ನಮಗ್ಯಾರಿಗೂ ಹೊಳೆಯಲೇ ಇಲ್ಲ. ಅವನು ಕಾಲೆತ್ತಿ ಮೇಲೆ ಇಟ್ಟ. ಅತ್ತೆ ಒಮ್ಮೆ ಕೂಗಿದರು, ಆಮೇಲೆ ಎದ್ದು ಕೂರಲಿಕ್ಕೇ ಆಗಲಿಲ್ಲ. ಎಕ್ಸ್‌ರೇ ತೆಗೆಸಿದಾಗ ಬೆನ್ನುಮೂಳೆಯ ಒಂದು ಮಣಿ ಕುಸಿದಿತ್ತು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಸವೆದು ಟೊಳ್ಳಾಗುತ್ತದೆ, ಅಂಥ ಬೆನ್ನಿನ ಮೇಲೆ ಯಾರೂ ನಿಲ್ಲಬಾರದು ಅಂತ ಡಾಕ್ಟರು ಹೇಳಿದರು. ಅತ್ತೆ ಮೂರು ತಿಂಗಳು ಹಾಸಿಗೆ ಹಿಡಿದರು. ನನ್ನ ಮಗ ಈಗಲೂ ಅಜ್ಜಿಯ ಬೆನ್ನು ಮುಟ್ಟಲು ಹಿಂಜರಿಯುತ್ತಾನೆ. ಮಗುವಿನ ತಪ್ಪು ಏನಿದೆ ಇದರಲ್ಲಿ?

ಮುಂದಿನ ವರ್ಷ ನನ್ನ ಸೊಂಟವೇ ಹಿಡಿದುಕೊಂಡಾಗ ಫಿಸಿಯೋಥೆರಪಿ ಮಾಡುವ ಹುಡುಗಿಯೊಬ್ಬಳು ಸರಿಯಾಗಿ ನೀವುವುದು ಹೇಗೆ ಅಂತ ನನಗೂ ನನ್ನ ಗಂಡನಿಗೂ ಕೂರಿಸಿಕೊಂಡು ಕಲಿಸಿದಳು. ಅದನ್ನು ಇಲ್ಲಿ ಬರೆಯಲೇಬೇಕು ಅನ್ನಿಸಿತು. ಎಳ್ಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಒಂದು ಬಟ್ಟಲಿಗೆ ಹಾಕಿ, ಆ ಬಟ್ಟಲನ್ನು ಬಿಸಿನೀರಿನಲ್ಲಿ ಇಡಿ, ಒಲೆ ಮೇಲೆ ಬೇಡ. ಮಣಿಕಟ್ಟಿನ ಒಳಗಡೆ ಒಂದು ಹನಿ ಹಾಕಿ ಬಿಸಿ ನೋಡಿಕೊಳ್ಳಿ. ಮಲಗುವವರ ಹೊಟ್ಟೆಯ ಕೆಳಗೆ ತೆಳು ದಿಂಬು, ಪಾದದ ಗಂಟಿನ ಕೆಳಗೆ ಇನ್ನೊಂದು. ಎರಡೂ ಅಂಗೈ ಅಗಲಿಸಿ, ಬೆನ್ನುಮೂಳೆಯ ಎರಡೂ ಪಕ್ಕ ಉಬ್ಬಿದ ಸ್ನಾಯು ಇದೆಯಲ್ಲ, ಅದರ ಮೇಲೆ ಸೊಂಟದಿಂದ ಭುಜದ ತನಕ ನಿಧಾನಕ್ಕೆ ಒತ್ತಿ ನೀವಬೇಕು, ವಾಪಸ್ ಬರುವಾಗ ಹಗುರಕ್ಕೆ. ನಡುವಿನ ಮೂಳೆಯ ಮೇಲೆ ಬೆರಳು ಹೋಗಲೇಬಾರದು. ಐದು ನಿಮಿಷ ಹೀಗೆ ಮಾಡಿದರೆ ಮೈ ಬೆಚ್ಚಗಾಗಿ ಸಡಿಲ ಬಿಡುತ್ತದೆ. ಆಮೇಲೆ ಅಕ್ಕಿರೊಟ್ಟಿ ಹಿಟ್ಟು ನಾದುವ ಹಾಗೆ ಪಕ್ಕೆಯ, ಭುಜದ ಸ್ನಾಯುವನ್ನು ಹಿಡಿದು ಎತ್ತಿ ಬಿಡುವುದು. ಅಲ್ಲಲ್ಲಿ ಅಡಿಕೆಯಷ್ಟು ಗಂಟು ಕೈಗೆ ಸಿಗುತ್ತದೆ. ಅದನ್ನು ಜೋರಾಗಿ ತಿಕ್ಕಬಾರದು. ಹೆಬ್ಬೆರಳಿಟ್ಟು, ನೋವು ತಡೆದುಕೊಳ್ಳುವಷ್ಟೇ ಒತ್ತಿ, ಅರ್ಧ ನಿಮಿಷ ಹಾಗೇ ಹಿಡಿದರೆ ಸಾಕು, ಉಸಿರು ಬಿಟ್ಟಾಗ ಅದು ಕರಗಿದ ಹಾಗೆ ಆಗುತ್ತದೆ. ಒತ್ತುವವರು ಮೊಣಕೈ ನೆಟ್ಟಗಿಟ್ಟು ಮೈಭಾರ ಬಿಡಬೇಕು, ಇಲ್ಲದಿದ್ದರೆ ಅವರ ಬೆರಳು ಹಾಳಾಗುತ್ತದೆ.

ಸೊಂಟನೋವು ಅಂತ ನಾವು ಸೊಂಟವನ್ನೇ ಒತ್ತುತ್ತೇವೆ, ಆದರೆ ಎಷ್ಟೋ ಸಲ ಬಿಗಿದಿರುವುದು ಕುಂಡೆಯ ಸ್ನಾಯು. ನನ್ನದಂತೂ ಅದೇ ಆಗಿತ್ತು. ನೀವಲು ಯಾರೂ ಇಲ್ಲದಿದ್ದರೆ ಮಕ್ಕಳ ಟೆನಿಸ್ ಬಾಲನ್ನು ಗೋಡೆಗೂ ಮೈಗೂ ನಡುವೆ ಇಟ್ಟು ಒರಗಿ, ನೋಯುವ ಜಾಗದಲ್ಲಿ ನಿಧಾನಕ್ಕೆ ಉರುಳಿಸಿದರೂ ಆರಾಮ ಸಿಗುತ್ತದೆ.

ಆದರೆ ಎಲ್ಲ ನೋವನ್ನೂ ನೀವಬಾರದು. ಕಾಲು ಮರಗಟ್ಟಿದರೆ, ಕಾಲಿನ ಶಕ್ತಿ ಕಡಿಮೆಯಾದರೆ, ಜ್ವರ ಇದ್ದರೆ, ಬಿದ್ದು ಪೆಟ್ಟಾಗಿದ್ದರೆ ಮೊದಲು ಡಾಕ್ಟರು. ಮೂತ್ರ ಕಟ್ಟಿದರೆ ಅಥವಾ ತೊಡೆಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆ ರಾತ್ರಿಯೇ ಶಿವಮೊಗ್ಗಕ್ಕೆ ಹೊರಡಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅದನ್ನು ಒತ್ತಲೇಬೇಡಿ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು, ಬಸುರಿಯರು ಕೇಳಿಯೇ ಮಾಡಿಸಿಕೊಳ್ಳಬೇಕು. ಉಳುಕು ತೆಗೆಯುತ್ತೇನೆ ಅಂತ ಕುತ್ತಿಗೆ ಹಿಡಿದು ಲಟಕ್ಕನೆ ತಿರುಗಿಸುವವರ ಕೈಗಂತೂ ತಲೆ ಕೊಡಬೇಡಿ.

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿನ ಬಗ್ಗೆ ಸಲಹೆ ಹೊರಡಿಸಿತು. 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಸೊಂಟನೋವು ಇತ್ತು ಅಂತ ಅದರ ಲೆಕ್ಕ. ವ್ಯಾಯಾಮ, ತಿಳಿವಳಿಕೆ ಜೊತೆಗೆ ಮಸಾಜನ್ನೂ ಅದು ಒಪ್ಪಿದೆ. ನಾವು ಮೆಡಿಕಲ್ ಶಾಪಿನಲ್ಲಿ ದುಡ್ಡು ಕೊಟ್ಟು ತರುವ ಸೊಂಟದ ಬೆಲ್ಟು ಮಾಮೂಲಾಗಿ ಬೇಡ ಅಂದಿದೆ. ಆದರೆ ನೀವುವುದೊಂದೇ ಸಾಲದು ಅನ್ನುವುದು ನನ್ನ ಅನುಭವ. ನೀವಿಸಿಕೊಂಡರೆ ಎರಡು ದಿನ ಹಾಯಾಗಿರುತ್ತದೆ, ಮತ್ತೆ ಬೆಳಗಿನಿಂದ ರಾತ್ರಿ ತನಕ ಮೆಟ್ಟುಗತ್ತಿ ಮುಂದೆ ಕೂತರೆ ನೋವು ವಾಪಸ್ ಬರುತ್ತದೆ. ನಡುನಡುವೆ ಎದ್ದು ಓಡಾಡಲೇಬೇಕು.

ಅದಕ್ಕೇ ತೋಟದ ಮಾಲೀಕರಲ್ಲಿ ಒಂದು ಮನವಿ. ಗಂಟೆಗೆ ಐದು ನಿಮಿಷ ಎಲ್ಲರನ್ನೂ ಒಟ್ಟಿಗೆ ಎಬ್ಬಿಸಿ, ಆ ಹೊತ್ತಿಗೂ ಕೂಲಿ ಸೇರಿಸಿ ಕೊಡಿ. ಒಟ್ಟಿಗೆ ಎದ್ದರೆ ಯಾರ ಡಬ್ಬವೂ ಹಿಂದೆ ಬೀಳುವುದಿಲ್ಲ, ಅಲ್ವಾ? ಇನ್ನು ಆರೋಗ್ಯ ಇಲಾಖೆಯವರು ಬಿ.ಪಿ., ಶುಗರ್ ನೋಡಲು ಶಿಬಿರ ಮಾಡುತ್ತೀರಿ, ಒಳ್ಳೆಯದೇ. ಸುಲಿಯುವ ಕಾಲದಲ್ಲಿ ಹಳ್ಳಿಗೆ ಒಂದು ದಿನ ಫಿಸಿಯೋಥೆರಪಿಯವರನ್ನೂ ಕಳಿಸಿ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಒಂದು ಗಂಟೆ ಸಾಕು, ಕೈ ಹಿಡಿದು ತೋರಿಸಿದರೆ ನಮ್ಮವರು ಬೇಗ ಕಲಿಯುತ್ತಾರೆ. ಜಾಗ ಬೇಕಾದರೆ ನಮ್ಮ ಅಂಗಳ ಇದೆ. ಚಾಪೆ, ಎಣ್ಣೆ, ಹಂಡೆ ತುಂಬ ಬಿಸಿನೀರು ನಮ್ಮದು.

— ಒಬ್ಬ ಓದುಗಿ, ತೀರ್ಥಹಳ್ಳಿ ತಾಲ್ಲೂಕು